ಇಲಿಗಳಿಗೆ ಕಚಗುಳಿ ಇಟ್ಟ ಮಳೆಗಾಲ

ಹೋದ ವಾರ ಅಪ್ಪನ ಕಣ್ಣಿನ ಔಷಧಿ ತರಲು ರಾಯಕೋಟೆಗೆ ಹೋಗಿದ್ದೆ. ತುಂತುರು ಮಳೆ. ಬಸ್ಸು ಅಕ್ಕಿ ಗಿರಣಿಯ ಮುಂದೆ ನಿಂತಾಗ ಕಿಟಕಿಯಿಂದ ಬಿಸಿ ಹೊಟ್ಟಿನ ವಾಸನೆ ನುಗ್ಗಿತು. ಭತ್ತದ ಹೊಟ್ಟಿಗೆ ಹಬೆ ತಗುಲಿದಾಗ ಏಳುವ, ಸ್ವಲ್ಪ ಸಿಹಿ ಸ್ವಲ್ಪ ಸುಟ್ಟ ವಾಸನೆ. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ.

ಅದು ನನ್ನ ಮೊದಲ ಕೆಲಸದ ವಾಸನೆ. ಒಂದು ಇಡೀ ಮಳೆಗಾಲ ನಾನು ಇಲಿಮರಿಗಳಿಗೆ ಕಚಗುಳಿ ಇಟ್ಟು ಸಂಬಳ ತೆಗೆದುಕೊಂಡಿದ್ದೇನೆ. ನಗುವವರು ಈಗಲೇ ನಕ್ಕುಬಿಡಿ. ನಮ್ಮೂರು ಉದ್ದನಪಲ್ಲಿಯಲ್ಲಿ ನಕ್ಕಿದ್ದಾರೆ, ಬಾಗಲೂರಿನಲ್ಲಿ ನಕ್ಕಿದ್ದಾರೆ, ಬಸ್ಸಿನಲ್ಲಿ ದಿನವೂ ಜೊತೆಗೆ ಬರುತ್ತಿದ್ದವರೂ ನಕ್ಕಿದ್ದಾರೆ. ನಾನು ಆ ಕೆಲಸವನ್ನು ಅಂದೂ ಮುಚ್ಚಿಡಲಿಲ್ಲ, ಇಂದೂ ಮುಚ್ಚಿಡುವುದಿಲ್ಲ.

ಪ್ರಾಣಿಶಾಸ್ತ್ರದಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ಕಾಲ. ನನ್ನ ಜೊತೆ ಓದಿದ ಹುಡುಗಿಯರೆಲ್ಲ ಹೊಸೂರಿನ ಸುತ್ತಮುತ್ತ ಫ್ಯಾಕ್ಟರಿ ಸೇರಿ, ನೀಲಿ ಕೋಟು ಹಾಕಿಕೊಂಡು ಕಂಪನಿ ಬಸ್ಸು ಹತ್ತುತ್ತಿದ್ದರು. ನನಗೆ ಸಿಕ್ಕಿದ್ದು ಮತ್ತಿಗಿರಿಯ ಆಚೆ, ಹೊಲಗಳ ನಡುವೆ ಇದ್ದ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ, ಕಾಂಟ್ರಾಕ್ಟ್ ಮೇಲೆ, ಪ್ರಯೋಗದ ಇಲಿಗಳನ್ನು ಸಾಕುವ ವಿಭಾಗದಲ್ಲಿ ಕೆಲಸ. ಅಮ್ಮ ಊರಿಗೆಲ್ಲ ‘ಕಂಪ್ನೀಲಿ ಕಂಪ್ಯೂಟ್ರು ಕೆಲ್ಸ’ ಎಂದು ಹೇಳಿಟ್ಟಿದ್ದಳು. ಅಪ್ಪ ಏನೂ ಹೇಳುತ್ತಿರಲಿಲ್ಲ. ಅವನ ಪಾಲಿಗೆ ಇಲಿ ಎಂದರೆ ರಾಗಿ ತೆನೆ ಕಡಿಯುವುದು, ಬಿಲಕ್ಕೆ ಹೊಗೆ ಹಾಕಿ ಕೊಲ್ಲಬೇಕಾದದ್ದು. ಮಗಳು ಅದಕ್ಕೆ ಅನ್ನ ಹಾಕಲು ಹೋಗುತ್ತಾಳೆ ಎಂದರೆ ಏನು ತಾನೇ ಹೇಳಿಯಾನು.

ಪ್ರಯೋಗ ನಡೆಸುತ್ತಿದ್ದವರು ಕಯಲ್ ಮೇಡಂ. ಧರ್ಮಪುರಿ ಕಡೆಯವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಅವರದು ತಮಿಳು, ನನ್ನದು ಕನ್ನಡ. ಮಾತು ಎಲ್ಲಿ ತೊಡರಿಕೊಂಡರೂ ಇಬ್ಬರೂ ಇನ್ನೊಂದು ಭಾಷೆಗೆ ಜಿಗಿದು ದಾಟುತ್ತಿದ್ದೆವು. ಮೊದಲ ದಿನ ಅವರು ನನ್ನನ್ನು ಒಂದು ಕತ್ತಲ ಕೋಣೆಗೆ ಕರೆದುಕೊಂಡು ಹೋದರು. ಒಳಗೆ ಮಂಕಾದ ಕೆಂಪು ದೀಪ. ಇಲಿಗಳು ಕತ್ತಲಲ್ಲಿ ಆಡುವ ಪ್ರಾಣಿ. ಹಾಗಾಗಿ ನಮ್ಮ ಹಗಲನ್ನು ಅವುಗಳಿಗೆ ರಾತ್ರಿ ಮಾಡಿದ್ದರು. ಗೋಡೆಯುದ್ದಕ್ಕೂ ಮೂರು ಸಾಲು ಪಂಜರ, ಒಳಗೆ ಹಬೆಯಲ್ಲಿ ಶುದ್ಧ ಮಾಡಿದ ಹೊಟ್ಟಿನ ಹಾಸು, ಅದರ ಮೇಲೆ ಆಗಷ್ಟೇ ತಾಯಿಯ ಹಾಲು ಬಿಟ್ಟ ಬಿಳಿ ಮರಿಗಳು.

ಮೇಲಿನ ಸಾಲಿನ ಪಂಜರಗಳಲ್ಲಿ ಎರಡೆರಡು ಮರಿ. ಅವು ಒಂದರ ಕತ್ತಿನ ಮೇಲೆ ಒಂದು ಬಿದ್ದು, ಉರುಳಿ, ಒದ್ದು, ಮೇಲಿದ್ದದ್ದು ಕೆಳಗಾಗಿ, ಕೆಳಗಿದ್ದದ್ದು ಮೇಲಾಗಿ ಹೊಟ್ಟನ್ನೆಲ್ಲ ಚೆಲ್ಲಾಡುತ್ತಿದ್ದವು. ಜಗಳವಾಡುತ್ತಿವೆ ಎಂದುಕೊಂಡು ನಾನು ಬಿಡಿಸಲು ಕೈ ಹಾಕಿದೆ.

ಮೇಡಂ ನನ್ನ ಕೈ ಹಿಡಿದುಕೊಂಡರು. “ಸಂಡೈ ಇಲ್ಲ ಮಾ. ಆಟ. ಕಚ್ಚಿದ್ರೆ ಗಾಯ ಆಗ್ಬೇಕಲ್ವಾ? ನೋಡು, ಗಾಯ ಎಲ್ಲಿ?”

ನಡುವಿನ ಸಾಲಿನಲ್ಲೂ ಕೆಳಗಿನ ಸಾಲಿನಲ್ಲೂ ಪಂಜರಕ್ಕೆ ಒಂದೇ ಮರಿ. ಎಳೆಯ ವಯಸ್ಸಿನಲ್ಲಿ ಜೊತೆಯಿಲ್ಲದೆ, ಆಟವಿಲ್ಲದೆ ಬೆಳೆದ ಇಲಿ ಮುಂದೆ ಬೇರೆ ಇಲಿಗಳ ನಡುವೆ ಹೇಗೆ ಬದುಕುತ್ತದೆ ಎಂಬುದು ಮೇಡಂ ಅವರ ಪ್ರಶ್ನೆ. ಮನುಷ್ಯನ ಕೈ ದಿನಕ್ಕೆ ಸ್ವಲ್ಪ ಹೊತ್ತು ಆಟವಾಡಿಸಿದರೆ ಆ ಕೊರತೆ ತುಂಬುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ನಡುವಿನ ಸಾಲಿಗೆ ಬೇಕಾಗಿದ್ದ ಆ ಕೈ ನನ್ನದು. ಕೆಳಗಿನ ಸಾಲಿಗೆ ಊಟ, ನೀರು, ಹೊಸ ಹೊಟ್ಟು. ಅಷ್ಟೆ. ಮುಟ್ಟುವ ಹಾಗಿಲ್ಲ, ಮಾತಾಡಿಸುವ ಹಾಗೂ ಇಲ್ಲ.

ಕಚಗುಳಿ ಇಡುವುದು ಸುಲಭ ಎಂದುಕೊಳ್ಳಬೇಡಿ. ಮೊದಮೊದಲು ಮರಿಗಳು ನನ್ನ ಕೈಯನ್ನು ಕಂಡರೆ ಕಲ್ಲಾಗುತ್ತಿದ್ದವು. ಬೆರಳ ತುದಿಯಿಂದ ಕತ್ತಿನ ಹಿಂದೆ ಸರಸರನೆ ಆಡಿಸಬೇಕು. ಮರಿ ಜಿಗಿದರೆ ಬಿಟ್ಟುಕೊಡಬೇಕು. ತಿರುಗಿ ಬಂದರೆ ಮೆಲ್ಲಗೆ ಅಂಗಾತ ಕೆಡವಿ ಹೊಟ್ಟೆಗೆ ಕಚಗುಳಿ ಇಟ್ಟು, ಅದು ಒದ್ದಾಡುವ ಮೊದಲೇ ಕೈ ತೆಗೆಯಬೇಕು. ಸೋಲುವುದು ಗೊತ್ತಿರಬೇಕು. ಯಾವಾಗಲೂ ಗೆಲ್ಲುವ ಕೈಯ ಜೊತೆ ಯಾವ ಮರಿಯೂ ಆಡುವುದಿಲ್ಲ.

ಕೆಲವೇ ದಿನಗಳಲ್ಲಿ, ನಾನು ಮುಚ್ಚಳ ತೆಗೆದರೆ ಸಾಕು, ಮರಿಗಳು ಎರಡು ಕಾಲ ಮೇಲೆ ನಿಂತು ಕಾಯುತ್ತಿದ್ದವು. ಕೈಯನ್ನು ಆಚೆ ಓಡಿಸಿದರೆ ಆಚೆ, ಈಚೆ ಓಡಿಸಿದರೆ ಈಚೆ. ಆಗ ಮೇಡಂ ಒಂದು ಪುಟ್ಟ ಯಂತ್ರ ತಂದು ಪಂಜರದ ಮೇಲೆ ಹಿಡಿದರು. ಇಲಿಗಳು ಆಡುವಾಗ ಹೊರಡಿಸುವ ದನಿ ನಮ್ಮ ಕಿವಿಗೆ ಕೇಳದಷ್ಟು ಕೀಚಲು. ಯಂತ್ರ ಅದನ್ನು ನಮ್ಮ ಕಿವಿಗೆ ಇಳಿಸುತ್ತದೆ. ನಾನು ಮರಿಯ ಕತ್ತಿಗೆ ಬೆರಳಾಡಿಸಿದೆ. ಯಂತ್ರ ಚಿಲಿಪಿಲಿ ಎಂದಿತು. ಕೈ ತೆಗೆದೆ, ನಿಂತಿತು. ಮತ್ತೆ ಇಟ್ಟೆ, ಮತ್ತೆ ಚಿಲಿಪಿಲಿ. ಇಷ್ಟು ದಿನ ಈ ಕೋಣೆ ತುಂಬ ಈ ಸದ್ದು ಇತ್ತು, ನನಗೆ ಕೇಳಿರಲಿಲ್ಲ. ಆ ಕೆಂಪು ಬೆಳಕಿನಲ್ಲಿ ನಾನೂ ಮೇಡಮ್ಮೂ ಬಾಯಿ ತೆರೆದು ನಕ್ಕೆವು.

ಕೆಳಗಿನ ಸಾಲಿನ ತುದಿಯಲ್ಲಿ ಒಂದು ಗಂಡು ಮರಿಯಿತ್ತು. ನಾನು ಮನಸ್ಸಿನಲ್ಲೇ ಅವನನ್ನು ‘ತುದಿಯವನು’ ಎನ್ನುತ್ತಿದ್ದೆ. ಮೇಲೆ ನಾವು ಆಡುವ ಸದ್ದಿಗೆ ಅವನು ಕತ್ತೆತ್ತಿ ನಿಲ್ಲುತ್ತಿದ್ದ. ಯಾರೂ ಬಾರದಿದ್ದಾಗ ತನ್ನ ಬಾಲವನ್ನೇ ಹಿಡಿದು, ಅದರ ಜೊತೆ ಗುದ್ದಾಡಿ, ಅಂಗಾತ ಬಿದ್ದು ಒದೆಯುತ್ತಿದ್ದ. ಒಂದು ದಿನ ಅದೂ ನಿಂತುಹೋಯಿತು. ಹೊಟ್ಟಿನ ಮೂಲೆಯಲ್ಲಿ ಬೆನ್ನು ಮಾಡಿ ಕೂತವನು, ನಾನು ನೀರಿನ ಬಾಟಲಿ ಬದಲಿಸಿದರೂ ತಿರುಗಿ ನೋಡಲಿಲ್ಲ.

ಅವತ್ತು ನಾನು ಮೇಡಂ ಜೊತೆ ಜಗಳವಾಡಿದೆ.

“ಒಂದ್ ನಿಮಿಷ ಕೈ ಹಾಕ್ತೀನಿ ಮೇಡಂ. ಒಂದೇ ನಿಮಿಷ.”

“ಕೂಡಾದು, ಬೇಡ. ನೀನು ಮುಟ್ಟಿದ್ರೆ ಅದು ನಡು ಸಾಲು ಆಗೋಗುತ್ತೆ. ಆಮೇಲೆ ಹೋಲಿಸಿ ನೋಡೋಕೆ ಏನಿರುತ್ತೆ?”

“ನಿಮಗೆ ಗೊತ್ತಾಗ್ಲಿ ಅಂತ ಅದು ಕೆಟ್ಟೋಗ್ಬೇಕಾ?”

“ಆಮಾ, ಹೌದು,” ಎಂದರು ಮೇಡಂ. “ಅದಕ್ಕೇನೆ. ನಾಲ್ಕು ಗೋಡೆ ಮಧ್ಯೆ ಮಕ್ಕಳನ್ನ ಒಂಟಿ ಬಿಡೋ ಜಾಗಗಳು ಎಷ್ಟಿವೆ ಗೊತ್ತಾ? ಆಟ ಇಲ್ದಿದ್ರೆ ಏನೂ ಆಗಲ್ಲ ಅಂತಾರೆ. ಆಗುತ್ತೆ ಅಂತ ತೋರ್ಸಕ್ಕೆ ನನ್ನ ಹತ್ರ ಇರೋದು ಇದೊಂದೇ. ನನಗೇನು ಖುಷಿನಾ, ಪಾವಂ ಅನ್ಸಲ್ವಾ?”

ನಾನು ಒಪ್ಪಲಿಲ್ಲ. ಆದರೆ ಮುಟ್ಟಲೂ ಇಲ್ಲ. ಮುಟ್ಟಿಬಿಟ್ಟರೆ ಅವನು ಅಷ್ಟು ದಿನ ಪಟ್ಟ ಪಾಡೂ ದಂಡವಾಗುತ್ತಿತ್ತು. ಪ್ರತಿದಿನ ಅವನ ಪಂಜರದ ಮುಂದೆ ಕೈಯನ್ನು ಜೇಬಿನಲ್ಲಿಟ್ಟುಕೊಂಡು ನಿಂತು ಬರುತ್ತಿದ್ದೆ.

ಅದೇ ದಿನಗಳಲ್ಲಿ ನನ್ನನ್ನು ನೋಡಲು ಬಾಗಲೂರಿನಿಂದ ಗಂಡಿನ ಕಡೆಯವರು ಬಂದರು. ಹುಡುಗ ಸುರೇಶ್, ಹೊಸೂರಿನ ಒಂದು ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಕೆಲಸ. ಜೊತೆಗೆ ಅವನ ತಾಯಿ, ಚಿಕ್ಕಮ್ಮ. ಅಮ್ಮ ಉಪ್ಪಿಟ್ಟು, ಕೇಸರಿಬಾತು ಮಾಡಿದ್ದಳು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಸುರೇಶ್ ಎರಡು ಸಲ ನನ್ನ ಕಡೆ ನೋಡಿ ನಕ್ಕಿದ್ದ. ನನಗೂ ಆ ನಗು ಹಿಡಿಸಿತ್ತು.

ಆಗ ಅವನ ತಾಯಿ ಕೇಳಿದರು. “ಕಂಪ್ಯೂಟ್ರಲ್ಲಿ ಏನ್ ಕೆಲ್ಸಮ್ಮ ನಿಂದು?”

ಅಮ್ಮ ನನ್ನ ಕಡೆ ಕಣ್ಣು ಮಾಡಿದಳು. ನಾನು ತಟ್ಟೆ ಕೆಳಗಿಟ್ಟೆ.

“ಕಂಪ್ಯೂಟ್ರು ಅಲ್ಲ ಅತ್ತೆ. ಒಂಟಿಯಾಗಿ ಬೆಳೆಯೋ ಇಲಿಮರಿಗಳ್ನ ಆಟ ಆಡುಸ್ತೀನಿ. ಕಚಗುಳಿ ಇಕ್ತೀನಿ.”

ಚಿಕ್ಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಗತೊಡಗಿದರು. ತಾಯಿ ನಗಲಿಲ್ಲ. ಕೈಯಲ್ಲಿದ್ದ ಉಪ್ಪಿಟ್ಟನ್ನು ನೋಡಿದರು, ನನ್ನ ಕೈಯನ್ನು ನೋಡಿದರು, ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಹೊತ್ತಾಯ್ತು, ಬಸ್ಸು ತಪ್ಪೋಯ್ತದೆ,” ಎಂದು ಎದ್ದರು.

ಎರಡು ದಿನ ಬಿಟ್ಟು ಸುರೇಶ್ ಫೋನ್ ಮಾಡಿದ. ಹೊಸೂರು ಬಸ್ ನಿಲ್ದಾಣದ ಎದುರಿನ ಬೇಕರಿಯಲ್ಲಿ ಸಿಕ್ಕೆವು. ಕೆಟ್ಟವನಲ್ಲ ಅವನು. ಬಂದವನೇ, “ರೀ, ನೀವು ಹೇಳ್ದಾಗ ನಂಗೂ ನಗು ಬಂತು. ಆದ್ರೆ ಬೇಜಾರೇನಿಲ್ಲ. ನಮ್ಮಮ್ಮಂಗೆ ಮಾತ್ರ ತಮಾಷೆಗೆ ಅಂದೆ ಅಂತ ಹೇಳ್ಬುಡಿ. ಮಿಕ್ಕಿದ್ದು ನಾನ್ ನೋಡ್ಕೊತೀನಿ,” ಎಂದ.

“ತಮಾಷೆಗೆ ಅಂದಿಲ್ವಲ್ಲ.”

“ಗೊತ್ತು. ಎಲ್ಲಾ ಸ್ವಲ್ಪ ದಿವ್ಸ. ಮದ್ವೆ ಆದ್ಮೇಲೆ ಹೆಂಗೂ ಕೆಲ್ಸ ಬಿಡ್ತೀರಲ್ಲ.”

“ಯಾರ್ ಹೇಳಿದ್ದು?”

ಅವನು ಗಾಬರಿಯಾದ. “ಅಲ್ಲ, ಇಲಿ ಕೆಲ್ಸ ಅಲ್ವಾ...”

“ನೀವು ಟೂಲ್ ರೂಮಲ್ಲಿ ಮಾಡೋ ಕೆಲ್ಸಾನ ನಮ್ಮಮ್ಮಂಗೆ ಹೇಳ್ಬೇಡಿ ಅಂತ ನಾನಂದ್ರೆ ಸುಮ್ನಿರ್ತೀರಾ?”

“ನಂದ್ ಬೇರೆ.”

“ಏನ್ ಬೇರೆ?”

ಅವನು ಕಾಫಿ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತ. ನಾನು ಅವನ ಉತ್ತರಕ್ಕೆ ನಿಜವಾಗಿಯೂ ಕಾದೆ. ಬಂದಿದ್ದರೆ ಬಹುಶಃ ಒಪ್ಪುತ್ತಿದ್ದೆನೋ ಏನೋ. ಬರಲಿಲ್ಲ. ಕೊಡೆ ಬಿಚ್ಚಿಕೊಂಡು ಮತ್ತಿಗಿರಿ ಬಸ್ಸಿಗೆ ನಡೆದೆ. ನಡು ಸಾಲಿನ ಮರಿಗಳ ಆಟದ ಹೊತ್ತಾಗಿತ್ತು.

ಸಂಬಂಧ ಮುರಿಯಿತು. ಅಮ್ಮ ಮಾತು ಬಿಟ್ಟಳು. ಬೆಳಗ್ಗೆ ತಿಂಡಿ ಕಟ್ಟಿ ಹೊಸ್ತಿಲ ಮೇಲಿಡುವಳು. ರಾತ್ರಿ ತಟ್ಟೆ ಸರಿಸಿ, ಗೋಡೆಯ ಕಡೆ ತಿರುಗಿ “ಊಟ ಐತೆ” ಎನ್ನುವಳು, ಗೋಡೆಗೇ ಹಸಿವಾದಂತೆ. ಅಪ್ಪ ನನ್ನೊಂದಿಗೆ ಮಾತಾಡಿದರೆ ಅವನಿಗೂ ಅದೇ ಶಿಕ್ಷೆ; ಪಾಪ, ಅವನು ಹೊಲದಲ್ಲೇ ಹೊತ್ತು ಕಳೆಯುತ್ತಿದ್ದ. ಮಳೆ ಬಿಡುತ್ತಿರಲಿಲ್ಲ. ಟೊಮೇಟೊ ಗಿಡದಲ್ಲೇ ಒಡೆದು ಕೊಳೆಯುತ್ತಿತ್ತು. ಬಾವಿಕಟ್ಟೆಯಲ್ಲಿ ಹೆಂಗಸರು ನನ್ನನ್ನು ಕಂಡರೆ ಬೆರಳಾಡಿಸಿ ಕಚಗುಳಿಯ ಸನ್ನೆ ಮಾಡಿ ಕಿಸಕ್ಕೆನ್ನುತ್ತಿದ್ದರು. ನಾನು ಕೊಡ ತುಂಬಿಸಿಕೊಂಡು, ತಲೆ ತಗ್ಗಿಸದೆ, ಅವರ ನಡುವಿನಿಂದಲೇ ನಡೆದು ಬರುತ್ತಿದ್ದೆ. ಸುತ್ತಿಕೊಂಡು ಬರಲು ಬೇರೆ ದಾರಿಯಿತ್ತು. ಒಂದು ದಿನವೂ ಆ ದಾರಿ ಹಿಡಿಯಲಿಲ್ಲ.

ಮರಿಗಳು ಬೆಳೆದವು. ಪರೀಕ್ಷೆಯ ದಿನಗಳು ಬಂದವು. ಒಂದೊಂದನ್ನೇ ದೊಡ್ಡ ಪೆಟ್ಟಿಗೆಯಲ್ಲಿ ಬಿಟ್ಟು, ಪರಿಚಯವಿಲ್ಲದ ಇನ್ನೊಂದು ಇಲಿಯನ್ನು ಜೊತೆಗೆ ಬಿಡುವುದು. ಜೋಡಿಯಾಗಿ ಬೆಳೆದವು ಮೂಸಿದವು, ತಳ್ಳಿದವು, ಉರುಳಾಡಿದವು. ಕೆಳಗಿನ ಸಾಲಿನದೊಂದು ಸುಮ್ಮನೆ ಹತ್ತಿರ ಬಂದ ಇಲಿಯನ್ನು ರಕ್ತ ಬರುವಂತೆ ಕಚ್ಚಿತು. ಇನ್ನೊಂದು ಗೋಡೆಗೆ ಅಂಟಿಕೊಂಡು ನಡುಗಿತು. ತುದಿಯವನು ಎರಡು ಕಾಲ ಮೇಲೆ ಎದ್ದು ನಿಂತು, ಮುಂಗಾಲುಗಳಿಂದ ಗಾಳಿಯನ್ನು ತಳ್ಳುತ್ತ, ಕಿರುಚುತ್ತಲೇ ಇದ್ದ. ಎದುರಿನ ಇಲಿ ಆಡಲು ಕರೆಯುತ್ತಿತ್ತು, ಅಷ್ಟೆ. ಕರೆಯುವುದು ಯಾವುದು, ಕೊಲ್ಲಲು ಬರುವುದು ಯಾವುದು, ಅವನಿಗೆ ತಿಳಿಯುತ್ತಿರಲಿಲ್ಲ.

ನನ್ನ ನಡು ಸಾಲಿನ ಮಕ್ಕಳು? ಜೋಡಿಯವುಗಳಷ್ಟು ಚುರುಕಿಲ್ಲ. ಆದರೆ ಮೂಸಿದವು. ಕತ್ತು ಕೊಟ್ಟವು. ಸ್ವಲ್ಪ ಹೊತ್ತಿಗೆ ಯಂತ್ರ ಚಿಲಿಪಿಲಿ ಎಂದಿತು. ಮೇಡಂ ನನ್ನ ಭುಜ ಹಿಡಿದು ಅಲ್ಲಾಡಿಸಿದರು. “ಉನ್ ಕೈ ಮಾ! ನಿನ್ನ ಕೈ!”

ಆ ಸಂತೋಷ ಆ ವಾರದ ಕೊನೆಯವರೆಗೂ ಉಳಿಯಲಿಲ್ಲ. ಮ್ಯಾನೇಜರ್ ಬಂದರು. ಬೆಂಗಳೂರಿನವರು, ಯಾವಾಗಲೂ ಫೋನ್ ಕಿವಿಗಿಟ್ಟುಕೊಂಡೇ ಮಾತಾಡುವವರು. “ಟೆಸ್ಟ್ ಮುಗೀತಲ್ಲ. ಕೆಳಗಿನ ಸಾಲು ಶನಿವಾರ ಮುಗಿಸಿಬಿಡಿ. ಪಂಜರ ಬೇರೆ ಪ್ರಾಜೆಕ್ಟ್‌ಗೆ ಬೇಕು,” ಎಂದರು. ಮುಗಿಸುವುದು ಎಂದರೆ ಏನು ಎಂದು ಆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾನು ಬಾಗಿಲಿಗೆ ಅಡ್ಡ ನಿಂತೆ. ಯೋಚಿಸಿ ನಿಂತಿದ್ದಲ್ಲ, ಕಾಲು ತಾನಾಗಿ ಹೋಗಿ ನಿಂತಿತು. “ಒಂಟಿ ಇಟ್ರೆ ಕೆಡ್ತವೆ ಅಂತ ಗೊತ್ತಾಯ್ತು ಸರ್. ಕೆಟ್ಟಿದ್ದು ಸರಿಯಾಗುತ್ತಾ ಅಂತ ಗೊತ್ತಾಗೋದು ಬೇಡ್ವಾ? ಅವಕ್ಕೆ ಜೊತೆ ಕೊಟ್ಟು ನೋಡೋಣ.”

“ಅದು ಪ್ಲಾನಲ್ಲಿ ಇಲ್ಲ.”

“ಇಲ್ದಿದ್ರೆ ಸೇರ್ಸಿ.”

“ನೀನು ಕಾಂಟ್ರಾಕ್ಟ್ ಹುಡುಗಿ ಅನ್ನೋದು ನೆನಪಿರಲಿ.”

“ನೆನಪೈತೆ ಸರ್. ಶನಿವಾರ ಆ ಪಂಜರಗಳ್ನ ನಾನು ಹೊರಗೆ ತರಲ್ಲ. ಬೇರೆ ಯಾರ್ ಕೈಲಿ ತರ್ಸ್ತೀರೋ ತರ್ಸಿ. ಅಲ್ಲೀವರ್ಗೂ ನಾನು ಇಲ್ಲೇ ಇರ್ತೀನಿ.”

ಅವರು ಮೇಡಂ ಕಡೆ ತಿರುಗಿದರು, ಈ ಹುಡುಗಿಗೆ ಬುದ್ಧಿ ಹೇಳಿ ಎಂಬಂತೆ. ಮೇಡಂ ಅವರದೂ ಕಾಂಟ್ರಾಕ್ಟೇ. ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಬಂದು ನನ್ನ ಪಕ್ಕ ನಿಂತರು. “ನಾನು ಎಥಿಕ್ಸ್ ಕಮಿಟಿಗೆ ಬರೀತೀನಿ ಸರ್. ಅವರು ಬೇಡ ಅಂದ್ರೆ ಆಮೇಲೆ ನೋಡೋಣ. ಅಲ್ಲೀವರೆಗೆ ಪಂಜರ ಕದಲಿಸಬೇಡಿ.”

ಕಮಿಟಿಯ ಒಪ್ಪಿಗೆ ಬರುವವರೆಗೆ ನನ್ನ ಜೀವ ಕೈಯಲ್ಲಿತ್ತು. ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಒಂದು ಸಂಜೆ ಅಪ್ಪ ಹೊಲದಿಂದ ತೊಯ್ದು ಬಂದು ಜಗಲಿಯ ಮೇಲೆ ಕೂತು ತಲೆ ಒರೆಸಿಕೊಳ್ಳುತ್ತಿದ್ದ. ನನ್ನ ಮುಖ ನೋಡಿದವನೇ ಕೈ ನಿಲ್ಲಿಸಿದ.

“ಅಲ್ಲ ಕಣಮ್ಮಿ, ನೀ ಅಲ್ಲಿ ಮಾಡೋದಾದ್ರೂ ಏನು? ಕಂಡೋರೆಲ್ಲ ನನ್ನ ಕೇಳ್ತಾರೆ. ನಂಗೇ ಗೊತ್ತಿಲ್ಲ. ತೋರ್ಸು.”

“ಇಲಿ ಎಲ್ಲೈತಪ್ಪ ತೋರ್ಸಕ್ಕೆ?”

“ನನ್ನೇ ಇಲಿ ಅನ್ಕೊ.” ತಿರುಗಿ ಕೂತು ಕತ್ತು ಬಗ್ಗಿಸಿದ.

ನಾನು ಒದ್ದೆ ಕತ್ತಿನ ಹಿಂದೆ ಐದು ಬೆರಳಿಟ್ಟು ಸರಸರನೆ ಆಡಿಸಿದೆ. ಅಪ್ಪ ಬಿಗಿಯಾಗಿ ಕೂತಿದ್ದ. ಕೈ ತೆಗೆದೆ. ಮತ್ತೆ ಇಟ್ಟೆ, ತೆಗೆದೆ. ಮೂರನೆಯ ಸಲಕ್ಕೆ ಅವನ ಭುಜಗಳು ಕಿವಿಯವರೆಗೆ ಎದ್ದವು. ಒಳಗಿನಿಂದ ‘ಹಿಹಿಹೀ’ ಎಂಬ, ನಾನು ಹುಟ್ಟಿದಾಗಿನಿಂದ ಕೇಳಿರದ ಒಂದು ನಗು ಹೊರಟಿತು. “ಬುಡಮ್ಮಿ, ಬುಡು... ಅಯ್ಯೋ, ಸತ್ತೆ ಕಣೇ!” ಎಂದು ಜಗಲಿಯ ಮೇಲೆ ಹೊರಳಿದ.

ಅಮ್ಮ ಸೌಟು ಹಿಡಿದು ಓಡಿ ಬಂದಳು. “ಏನಾಯ್ತೇ ನಿಮ್ಮಪ್ಪಂಗೆ?”

ವಾರಗಳ ಮೇಲೆ ನನ್ನೊಂದಿಗೆ ಅವಳಾಡಿದ ಮೊದಲ ಮಾತು. ಆಡಿಬಿಟ್ಟೆನಲ್ಲ ಎಂದು ಅವಳಿಗೂ ಹೊಳೆಯಿತು. ಸೌಟು ಹಿಡಿದೇ ನಿಂತಳು.

“ನಿಂಗೂ ಬೇಕಾ?” ಎಂದ ಅಪ್ಪ, ಕಣ್ಣೊರೆಸಿಕೊಳ್ಳುತ್ತ.

“ಥೂ! ಇಬ್ರಿಗೂ ಬುದ್ಧಿ ಕೆಟ್ಟೋಗೈತೆ. ಬನ್ನಿ ಒಳಕ್ಕೆ, ಮುದ್ದೆ ಆರೋಯ್ತದೆ.” ಆ ರಾತ್ರಿ ಊಟಕ್ಕೆ ಕೂತಾಗ ಅವಳು ಗೋಡೆಯ ಕಡೆ ತಿರುಗಲಿಲ್ಲ. ಪಂಜರಗಳ ವಿಷಯ, ಮ್ಯಾನೇಜರ್ ವಿಷಯ ಎಲ್ಲ ಹೇಳಿದೆ. ಕೇಳುತ್ತಿಲ್ಲ ಎಂಬಂತೆ ಕೇಳಿದಳು. ಕೊನೆಗೆ “ಆ ಮೂಲೇಲಿ ಕೂತಿರೋದು ತಿನ್ನಾದ್ರೂ ತಿಂತದಾ?” ಎಂದು ಕೇಳಿದಳು.

ಕಮಿಟಿ ಒಪ್ಪಿತು. ಕೆಲವು ವಾರಗಳ ಗಡುವು. ಓರಗೆಯ ಇಲಿಗಳ ಜೊತೆ ಬಿಟ್ಟರೆ ಕಚ್ಚಾಟವಾಗುತ್ತದೆ ಎಂದು ಮೇಡಂ ಅವುಗಳಿಗೆ ಚಿಕ್ಕ ಮರಿಗಳನ್ನು ಜೊತೆ ಮಾಡಿದರು. ಚಿಕ್ಕವಕ್ಕೆ ಭಯವಿಲ್ಲ, ಆಡಿ ಸುಸ್ತೂ ಇಲ್ಲ. ತುದಿಯವನ ಪಂಜರಕ್ಕೆ ಬಂದ ಎರಡು ಮರಿಗಳು ಮೊದಲ ದಿನವೇ ಅವನ ಬೆನ್ನ ಮೇಲೆ ಹತ್ತಿದವು. ಅವನು ಕಿರುಚಿದ. ಅವು ಇಳಿದು ಮತ್ತೆ ಹತ್ತಿದವು. ಅವನು ಮೂಲೆಗೆ ಹೋದರೆ ಮೂಲೆಗೇ ಹೋದವು. ಹೀಗೆ ದಿನಗಳು ಕಳೆದವು. ಕಿರುಚುವುದು ನಿಂತಿತು, ಸಹಿಸಿಕೊಂಡ. ಒಂದು ಮಧ್ಯಾಹ್ನ ಒಂದು ಮರಿ ಅವನ ಕತ್ತಿಗೆ ಮೂತಿ ಇಟ್ಟು ಓಡಿತು. ತುದಿಯವನು ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಆಮೇಲೆ ಎದ್ದು, ವಯಸ್ಸಿಗೆ ಬಂದವನ ಆ ದಪ್ಪ ಮೈ ಹೊತ್ತು, ಎಡವುತ್ತ ಅದರ ಹಿಂದೆ ಓಡಿದ. ಯಂತ್ರ ನನ್ನ ಕೈಯಲ್ಲೇ ಇತ್ತು. ಒಂದು ಸಲ, ಚಿಕ್ಕದಾಗಿ, ‘ಚಿಲ್’ ಎಂದಿತು.

ಎಲ್ಲವೂ ಹಾಗಾಗಲಿಲ್ಲ. ಎರಡು ಇಲಿಗಳು ಕೊನೆಯವರೆಗೂ ಮೂಲೆ ಬಿಡಲಿಲ್ಲ. ಗಡುವು ಮುಗಿದ ಮೇಲೆ, ಮೂಲೆ ಬಿಟ್ಟವಕ್ಕೂ ಬಿಡದವಕ್ಕೂ, ಪ್ರಯೋಗದ ಎಲ್ಲ ಇಲಿಗಳಿಗೂ ಆಗುವುದೇ ಆಯಿತು. ಆ ದಿನ ನಾನು ರಜೆ ಹಾಕಲಿಲ್ಲ. ತುದಿಯವನನ್ನು ನನ್ನ ಕೈಯಲ್ಲೇ ಎತ್ತಿಕೊಂಡು ಹೋಗಿ ಕೊಟ್ಟೆ. ಸಾಯುವ ಇಲಿಗೆ ಆಟ ಕಲಿಸಿ ಏನು ಬಂತು ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಆ ವಾರಗಳು ಅವನವು. ಅಷ್ಟನ್ನು ನಾವು ಅವನಿಗೆ ಗಿಟ್ಟಿಸಿಕೊಟ್ಟೆವು.

ನನ್ನ ಕಾಂಟ್ರಾಕ್ಟನ್ನು ಮ್ಯಾನೇಜರ್ ಮುಂದುವರಿಸಲಿಲ್ಲ. ಅದು ನಿರೀಕ್ಷಿಸಿದ್ದೇ. ಮರುವರ್ಷ ಮೇಡಂ ಬೇರೆ ಕಡೆ ಸೇರಿದಾಗ ನನ್ನನ್ನು ಕರೆಸಿಕೊಂಡರು, ಅದೇ ಕೆಲಸಕ್ಕೆ.

ಆದರೆ ಆ ಮಳೆಗಾಲ ನನ್ನ ಪಾಲಿಗೆ ಮುಗಿದದ್ದು ರಾಯಕೋಟೆಯ ಸಂತೆಯಲ್ಲಿ. ಮಳೆ ಹಿಂದಾಗಿ ಬಿಸಿಲು ಬಂದಿತ್ತು. ನಾನೂ ಅಮ್ಮನೂ ಈರುಳ್ಳಿ ಆರಿಸುತ್ತ ಕೂತಿದ್ದೆವು. ಎದುರಿಗೆ ಬಂದು ನಿಂತವರು ಸುರೇಶನ ಚಿಕ್ಕಮ್ಮ. ಜೊತೆಗೆ ಇನ್ನಿಬ್ಬರು ಹೆಂಗಸರು. ಇಡೀ ಸಾಲಿಗೆ ಕೇಳುವಂತೆ ಅವರು ಕೇಳಿದರು. “ಏನಕ್ಕ, ನಿನ್ ಮಗ್ಳು ಇನ್ನೂ ಇಲಿ ಆಡುಸ್ತಾವ್ಳಾ?”

ಜೊತೆಯವರು ಕಿಸಕ್ಕೆಂದರು. ನಾನು ಏಳಲು ಹೋದೆ. ಅಮ್ಮ ನನ್ನ ಮಂಡಿಯ ಮೇಲೆ ಕೈಯಿಟ್ಟು ಕೂರಿಸಿದಳು. ಕೈಯಲ್ಲಿದ್ದ ಈರುಳ್ಳಿಯ ಸಿಪ್ಪೆ ತೆಗೆದು, ಅದು ಗಟ್ಟಿಯಿದೆಯೇ ಎಂದು ಒತ್ತಿ ನೋಡಿ, ತಕ್ಕಡಿಗೆ ಹಾಕಿದಳು. ಆಮೇಲೆ ತಲೆಯೆತ್ತಿದಳು.

“ಹೂಂ ಕಣಮ್ಮ, ಆಡುಸ್ತಾವ್ಳೆ. ಮೂಲೇಲಿ ಕೂತಿದ್ದುನ್ನ ಎಬ್ಬುಸಿ ಓಡಾಡ್ಸವ್ಳೆ. ಅದ್ಸರಿ, ನಿಮ್ಮನೇಲಿ ಮನುಷ್ರುನ್ನ ನಗುಸೋರು ಯಾರಾದ್ರೂ ಅವ್ರಾ?”